ಬ್ಯಾಕ್ಟೀರಿಯಾ ಇರುವಾಗ ಕೈಯಲ್ಲಿ ಯಾಕೆ ಮಾಡಬೇಕು?

ಬೆಳಗಾವಿಯಲ್ಲಿ ನಾನು ಎಂ.ಎಸ್ಸಿ. ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೊನ್ನೆ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಪಾಠದ ನಡುವೆ ಗೋಕಾಕ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಬ್ಯಾಕ್ಟೀರಿಯಾನ ಪ್ರೋಟೀನ್ ಮಾಡಿ ಕೊಡ್ತಾವಲ್ರೀ, ನಾವ್ಯಾಕ ಕೈಲೆ ಮಾಡೂದು?" ತುಂಬ ಒಳ್ಳೆ ಪ್ರಶ್ನೆ. ಗಂಟೆ ಹೊಡೆದದ್ದರಿಂದ ಅರ್ಧ ಉತ್ತರವಷ್ಟೇ ಕೊಟ್ಟೆ. ಉಳಿದದ್ದು ಇಲ್ಲಿದೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದ ಸರಪಳಿ. ಅದನ್ನು ಕಟ್ಟಲು ಬ್ಯಾಕ್ಟೀರಿಯಾ ಬಳಸುವುದು ಮಾಮೂಲಿ 20 ಅಮೈನೋ ಆಮ್ಲಗಳನ್ನು. ಆದರೆ ಪ್ರೋಟೀನಿನ ಆಕಾರ ಬದಲಾದರೆ ಇನ್ನೊಂದು ಅಣುವಿನ ಜೊತೆ ಅದರ ಹಿಡಿತ ಎಷ್ಟು ಬದಲಾಗುತ್ತದೆ ಅಂತ ತಿಳಿಯಬೇಕಾದರೆ, ಆಕಾರವನ್ನು ನಮಗೆ ಬೇಕಾದ ಕಡೆ ಬೇಕಾದಷ್ಟೇ ಬದಲಿಸಬೇಕಲ್ವಾ? ಅದಕ್ಕೆ ಆ 20 ಸಾಲುವುದಿಲ್ಲ.

ಪಿ53 ನಮ್ಮನ್ನು ಕ್ಯಾನ್ಸರಿನಿಂದ ಕಾಯುವ ಪ್ರೋಟೀನ್. ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಅದರ ಕೆಲಸ ತಡೆಯುತ್ತದೆ. ಹಿಡಿತ ಸಿಗುವುದು ಪಿ53ರ ಒಂದು ಚಿಕ್ಕ ತುಂಡಿನಲ್ಲಿ. ಆ ತುಂಡು ಸುರುಳಿ ಸುತ್ತಿಕೊಂಡಾಗ 19ನೇ ಫೀನೈಲ್‌ಅಲನೈನ್, 23ನೇ ಟ್ರಿಪ್ಟೊಫ್ಯಾನ್, 26ನೇ ಲ್ಯೂಸಿನ್ ಮೂರೂ ಒಂದೇ ಮಗ್ಗುಲಿಗೆ ಬಂದು ಎಂಡಿಎಂ2ರ ಗುಳಿಯಲ್ಲಿ ಕೂರುತ್ತವೆ. ಬರೀ ಆ ತುಂಡನ್ನು ಮಾಡಿ ನೀರಿಗೆ ಹಾಕಿದರೆ ಸುರುಳಿ ನಿಲ್ಲುವುದಿಲ್ಲ, ಸಡಿಲವಾಗುತ್ತದೆ. ಈಗ ಸರಿಯಾದ ಜಾಗದಲ್ಲಿ ಆ 20ರಲ್ಲಿ ಇಲ್ಲದ ಎಐಬಿ ಎಂಬ ಅಮೈನೋ ಆಮ್ಲ ಸೇರಿಸಿ. ಅದರ ಆಲ್ಫಾ ಕಾರ್ಬನ್ನಿಗೆ (ನಡುವಿನ ಕಾರ್ಬನ್ನಿಗೆ) ಎರಡು ಮೀಥೈಲ್ ಗುಂಪು. ಅತ್ತಿತ್ತ ತಿರುಗಲು ಜಾಗವೇ ಇಲ್ಲದೆ ಸರಪಳಿ ಸುರುಳಿಯಾಗಿಯೇ ಉಳಿಯಲು ನೋಡುತ್ತದೆ. ಹಿಡಿತವೂ ಬಿಗಿಯಾಗುತ್ತದೆ. (ಎಐಬಿ ಪೆಪ್ಟೈಡ್‌ಗಳ ಸುರುಳಿಯ ಮೇಲೆ ಬೆಂಗಳೂರಿನ ಐಐಎಸ್ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಪಿ. ಬಲರಾಮ್ ಅವರು ಮಾಡಿದ ಕೆಲಸ ದೊಡ್ಡದು. ನಮ್ಮ ಮಕ್ಕಳಿಗೆ ಇದು ಗೊತ್ತಿರಲೇಬೇಕು.)

ಇಂಥ ಪೆಪ್ಟೈಡ್ ಕೈಯಲ್ಲಿ ಮಾಡುವ ದಾರಿ ತೋರಿಸಿದವರು ಬ್ರೂಸ್ ಮೆರಿಫೀಲ್ಡ್, 1963ರಲ್ಲಿ. 1984ರಲ್ಲಿ ನೊಬೆಲ್ ಬಂತು. ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು) ಮಣಿಗಳ ಮೇಲೆ ಒಂದು ಅಮೈನೋ ಆಮ್ಲ ಜೋಡಿಸು, ತೊಳೆ, ಮುಂದಿನದು ಜೋಡಿಸು. ನನಗೆ ಇದರಲ್ಲಿ ಜಾಸ್ತಿ ಇಷ್ಟ ಕೈಸರ್ ಟೆಸ್ಟ್, ಅಂದರೆ ಜೋಡಣೆ ಪೂರ್ತಿಯಾಯಿತಾ ಅಂತ ನೋಡುವ ಪರೀಕ್ಷೆ. ಒಂದೆರಡು ಚಿಟಿಕೆ ಮಣಿಗಳನ್ನು ಚಿಕ್ಕ ಟ್ಯೂಬಿಗೆ ಹಾಕಿ, ನಿನ್‌ಹೈಡ್ರಿನ್ (ಬಣ್ಣ ಬರಿಸುವ ರಾಸಾಯನಿಕ) ಬಿಟ್ಟು ಬಿಸಿ ಮಾಡುತ್ತೇವೆ. ಮಣಿ ಕಡುನೀಲಿಯಾದರೆ ಜೋಡಣೆ ಪೂರ್ತಿಯಾಗಿಲ್ಲ. ಬಣ್ಣ ತಿರುಗದಿದ್ದರೆ ಮುಂದಕ್ಕೆ ಹೋಗಬಹುದು. ಎಐಬಿ ಬಂದಲ್ಲಿ ಮಾತ್ರ ಕೆಲಸ ನಿಧಾನ: ಸುರುಳಿಯನ್ನು ಬಿಗಿ ಹಿಡಿಯುವ ಅದೇ ಎರಡು ಮೀಥೈಲ್ ಇಲ್ಲಿ ನಮಗೇ ಅಡ್ಡ ಬರುತ್ತವೆ. ಅಲ್ಲಿ ಬಣ್ಣವನ್ನಷ್ಟೇ ನಂಬದೆ ಮಾಸ್ ಸ್ಪೆಕ್ (ಅಣುವಿನ ತೂಕ ಅಳೆಯುವ ಉಪಕರಣ) ನೋಡುವುದು ಒಳ್ಳೆಯದು.

ಇನ್ನೊಂದು ಪ್ರಯೋಗವನ್ನು ಹೇಳದೆ ಬಿಡಲಾರೆ. 1992ರಲ್ಲಿ ಸ್ಟೀಫನ್ ಕೆಂಟ್ ತಂಡ ಎಚ್‌ಐವಿಯ ಪ್ರೋಟಿಯೇಸ್ ಕಿಣ್ವವನ್ನು (ಪ್ರೋಟೀನ್ ಕತ್ತರಿಸುವ ಕಿಣ್ವ) ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮಾಡಿತು. 99 ಅಮೈನೋ ಆಮ್ಲಗಳ ಸರಪಳಿ, ಪ್ರೋಟೀನುಗಳಲ್ಲಿ ಮಾಮೂಲಿಯಾಗಿರುವ ಎಲ್ ರೂಪದ ಬದಲು ಅದರ ಕನ್ನಡಿ ಬಿಂಬವಾದ ಡಿ ರೂಪ. ಕ್ರಮ ಅದೇ, ಪರಮಾಣುಗಳೂ ಅವೇ, ಆಕಾರ ಮಾತ್ರ ಕನ್ನಡಿಯೊಳಗಿನದು. ಎಲ್ ಕಿಣ್ವ ಎಲ್ ಪೆಪ್ಟೈಡನ್ನು ಮಾತ್ರ ಕತ್ತರಿಸಿತು, ಡಿ ಕಿಣ್ವ ಡಿ ಪೆಪ್ಟೈಡನ್ನು ಮಾತ್ರ. ಯಾವ ಬ್ಯಾಕ್ಟೀರಿಯಾವೂ ಆ ಡಿ ಸರಪಳಿಯನ್ನು ಕಟ್ಟಿಕೊಡುತ್ತಿರಲಿಲ್ಲ. ಸ್ಟೀರಿಯೋಕೆಮಿಸ್ಟ್ರಿ (ಅಣುಗಳ ಮೂರು ಆಯಾಮದ ಆಕಾರದ ಪಾಠ) ಅಂದರೆ ಸುಮ್ನೆ ಎಡಗೈ-ಬಲಗೈಯಂಥ ರೂಪಗಳಿಗೆ ಆರ್, ಎಸ್ ಗುರುತು ಹಾಕುವುದು ಅಂದುಕೊಂಡಿರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.