ಕೆರೆಯ ಕೆಸರಲ್ಲಿ ಹುಟ್ಟುವ ಗ್ಯಾಸ್

2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ, ಕೆರೆ ಹತ್ತಿ ಉರಿಯುವುದು ಹೇಗೆ ಅಂತ ಬೆಂಗಳೂರೆಲ್ಲ ಮಾತಾಡಿತ್ತು. ಒಣಗಿದ ಜೊಂಡು, ಕಸ ಅಂದವರು ಕೆಲವರು. ಮೀಥೇನ್ ಅಂದವರು ಕೆಲವರು. ಆ ಮೀಥೇನ್ ಹುಟ್ಟುವ ಜಾಗವನ್ನು ನಾನು ಕಣ್ಣಾರೆ ನೋಡಿದ್ದು ಮಾತ್ರ ನಮ್ಮ ಬಡಾವಣೆಯ ಪುಟ್ಟ ಕೆರೆಯಲ್ಲಿ, ಈ ಬೇಸಿಗೆಯ ಒಂದು ಭಾನುವಾರ.

ಅಂತರಗಂಗೆ ಕೀಳೋಕೆ ಅಕ್ಕಪಕ್ಕದವರೆಲ್ಲ ಸೇರಿದ್ದೆವು. ಮೊಣಕಾಲುದ್ದ ನೀರಿಗಿಳಿದು ಹೆಜ್ಜೆ ಇಟ್ಟಲ್ಲೆಲ್ಲ ಗುಳುಗುಳು ಅಂತ ಗುಳ್ಳೆ ಏಳುತ್ತಿತ್ತು. "ಸಾರ್, ಕೆಳಗೆ ಮೀನಿದೆಯಾ?" ಅಂತ ಎದುರು ಮನೆ ಹುಡುಗ ಕೇಳಿದ.

"ಮೀನಲ್ಲ ಕಣೋ, ತಡಿ ತೋರಿಸ್ತೀನಿ" ಅಂದರು ನಮ್ಮ ಜೊತೆಗಿದ್ದ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಬಾಟಲಿ ತುಂಬ ನೀರು ತುಂಬಿ, ನೀರೊಳಗೇ ಬೋರಲು ಹಿಡಿದು, ಬಾಯಿಗೆ ಆಲಿಕೆ ಸಿಕ್ಕಿಸಿದರು. ಕೋಲಿನಿಂದ ತಳ ಕೆದಕಿದರು. ಗುಳ್ಳೆ ಏರಿದಷ್ಟೂ ಬಾಟಲಿಯ ನೀರು ಕೆಳಗಿಳಿಯಿತು. ಅರ್ಧ ಬಾಟಲಿ ಗ್ಯಾಸ್ ಸೇರಿದ ಮೇಲೆ ದಡಕ್ಕೆ ತಂದು, ಮಕ್ಕಳನ್ನು ದೂರ ನಿಲ್ಲಿಸಿ, ಉದ್ದನೆಯ ಕಡ್ಡಿ ಹಚ್ಚಿ ಹಿಡಿದರು. ಭಗ್ ಅಂತ ತೆಳು ನೀಲಿ ಉರಿ! 1776ರಲ್ಲಿ ಇಟಲಿಯ ಮಜೋರೆ ಸರೋವರದ ಕೆಸರು ಕಲಕಿ ವೋಲ್ಟಾ ಹಿಡಿದದ್ದೂ ಇದೇ ಗ್ಯಾಸ್. ಬ್ಯಾಟರಿ ಮಾಡಿದ ಅದೇ ವೋಲ್ಟಾ.

ಆಮೇಲೆ ಮೇಷ್ಟ್ರು ಕೋಲಿಗೆ ಅಂಟಿದ ಕೆಸರು ತೋರಿಸಿದರು. ಮೇಲಿನದ್ದು ಕಂದು, ಒಳಗಿನದ್ದು ಕಪ್ಪು, ಕೊಳೆತ ಮೊಟ್ಟೆಯ ನಾತ. ಸತ್ತ ಎಲೆ, ಪಾಚಿ, ಚರಂಡಿಯ ಹೊಲಸು ಎಲ್ಲ ತಳ ಸೇರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕವನ್ನು ಮುಗಿಸುತ್ತವೆ. ಆಮೇಲೆ ಅದರ ಬದಲಿಗೆ ಒಂದಾದ ಮೇಲೊಂದು ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸುತ್ತವೆ. ಸಲ್ಫೇಟ್ ಬಳಸುವಾಗಲೇ ಆ ನಾತ ಹುಟ್ಟೋದು, ಮೀಥೇನ್‌ಗೆ ವಾಸನೆಯೇ ಇಲ್ಲ. ಅದೂ ಮುಗಿದ ಮೇಲೆ ಬರುವುದು ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳ ಸರದಿ. ಇವು ಬ್ಯಾಕ್ಟೀರಿಯಾ ಅಲ್ಲ, ಬೇರೆಯದೇ ಗುಂಪು. ಬೇರೆ ಜೀವಿಗಳು ಕೊಳೆಸಿ ಬಿಟ್ಟ ಅಸಿಟೇಟನ್ನೋ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡನ್ನೋ ತೆಗೆದುಕೊಂಡು ಮೀಥೇನ್ ಮಾಡುತ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಕೆಲಸ ಮಾಡೋದೂ ಇವೇ.

ಬಿಸಿಲು ಏರಿ ಕೆಸರು ಬೆಚ್ಚಗಾದರೆ ಕೆಲಸ ಇನ್ನೂ ಜೋರು. ಕೆಸರಿನ ಮೇಲ್ಪದರದಲ್ಲಿ, ನೀರಿನಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ. ಆದರೆ ಆಳವಿಲ್ಲದ ಕೆರೆಯಲ್ಲಿ ಗುಳ್ಳೆ ಅವುಗಳ ಕೈಗೆ ಸಿಗದೆ ಸೀದಾ ಗಾಳಿಗೆ ಸೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಸುಮಾರು 28 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು. ಇದು ಸುಮ್ನೆ ನಾತದ ಸಮಸ್ಯೆ ಅಲ್ಲ, ಅಲ್ವಾ?

ಹಿಂದೆ ಬೇಸಿಗೆಯಲ್ಲಿ ರೈತರು ಕೆರೆಗೋಡು ಮಣ್ಣು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ತಳ ಸೇರಿದ್ದರಲ್ಲಿ ಒಂದಷ್ಟು ಹಾಗೆ ಆಚೆ ಹೋಗುತ್ತಿತ್ತು. ಈಗ ಬರೀ ಒಳಗೆ ಬರೋದೇ ಜಾಸ್ತಿ. ಕಿತ್ತ ಅಂತರಗಂಗೆಯನ್ನು ದಡದಲ್ಲೇ ಗುಡ್ಡೆ ಹಾಕಿದರೆ ಒಂದು ಮಳೆಗೆ ಮತ್ತೆ ನೀರಿಗೇ. ಹಾಗಾಗಿ ಅವತ್ತೇ ಟ್ರ್ಯಾಕ್ಟರ್ ತರಿಸಿ ಗೊಬ್ಬರಕ್ಕೆ ಕಳಿಸಿದೆವು. ಆದರೆ ರಾಜಕಾಲುವೆಯಲ್ಲಿ ಕಕ್ಕಸಿನ ನೀರು ಬರುತ್ತಿರುವವರೆಗೂ ಅಂತರಗಂಗೆ ಮತ್ತೆ ಬೆಳೆಯುತ್ತದೆ, ಕೆಸರೂ ತುಂಬುತ್ತದೆ. ಅದಕ್ಕೇ ಯಾವ ಮನೆಗಳ ಪೈಪು ಕಾಲುವೆಗೆ ಸೇರಿದೆ ಅಂತ ಮೊದಲನೇ ಕ್ರಾಸ್‌ನಿಂದ ಪಟ್ಟಿ ಮಾಡುತ್ತಿದ್ದೇವೆ. ಮಳೆಗಾಲ ಶುರುವಾಗೋ ಮುಂಚೆ ಅದು ಮುಗಿಯಬೇಕು.