ಆಗಮನ ಕಾಲದ ಮೊದಲ ಭಾನುವಾರ, ಎರಡು ಪೂಜಾಪುಸ್ತಕಗಳು

30 ನವೆಂಬರ್ 2025, ಭಾನುವಾರ

1969ರಲ್ಲೂ ನವೆಂಬರ್ 30 ಭಾನುವಾರವೇ ಆಗಿತ್ತು, ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ನಮ್ಮ ಕಥೋಲಿಕ ಸಭೆಯಲ್ಲಿ ಹಳೆಯ ಲ್ಯಾಟಿನ್ ಪೂಜೆಯ ಜಾಗಕ್ಕೆ ಪೋಪ್ ಆರನೇ ಪೌಲ್ ಅವರ ಹೊಸ ಪೂಜಾವಿಧಿ ಜಾರಿಗೆ ಬಂದದ್ದು ಆವತ್ತು. ಅದಕ್ಕೇ ನಿನ್ನೆ ರಾತ್ರಿ ದೊಡ್ಡಪ್ಪನ ಲ್ಯಾಟಿನ್ ಪೂಜಾಪುಸ್ತಕವನ್ನೂ ನಮ್ಮ ಕನ್ನಡದ ವಾಚನಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಹಳೆಯದರಲ್ಲಿ ಈ ದಿನಕ್ಕೆ ಬೈಬಲ್ಲಿನಿಂದ ಎರಡೇ ವಾಚನ: ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ, ಲೂಕನ 21ನೇ ಅಧ್ಯಾಯ. ವರ್ಷ ವರ್ಷವೂ ಅವೇ. ಹೊಸದರಲ್ಲಿ ಮೂರು ವರ್ಷದ ಸರದಿ. ಈ ಸಲ ಮತ್ತಾಯನ ಶುಭಸಂದೇಶ ಓದುವ ವರ್ಷ ಶುರುವಾಗಿದೆ, ಇವತ್ತು ಆ ವಾಚನಕ್ಕೂ ಮೊದಲು ಯೆಶಾಯನ 2ನೇ ಅಧ್ಯಾಯ ಬರುತ್ತದೆ. ಆದರೆ ನಿದ್ದೆಯಿಂದ ಏಳುವ ಹೊತ್ತಾಯಿತು ಎನ್ನುವ ರೋಮನರ ಪತ್ರದ ಭಾಗ ಎರಡರಲ್ಲೂ ಇದೆ, 11ರಿಂದ 14ನೇ ವಚನದವರೆಗೆ, ಒಂದೂ ಬಿಡದೆ. ಹಳೆಯದನ್ನು ಕಿತ್ತೆಸೆದರು ಎಂದು ಗುಡುಗುವವರೂ, ಹಳೆಯದೆಲ್ಲ ಮುಗಿಯಿತು ಎಂದು ಹಿಗ್ಗುವವರೂ ಇದನ್ನೊಮ್ಮೆ ನೋಡಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಪ್ಪನಿಗೆ ಹೇಳಿದೆ. ಅವರು ಚಿಕ್ಕವರಿದ್ದಾಗ ಆಲ್ಟರ್ ಬಾಯ್, ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಹುಡುಗ. ಪೀಠದ ಮೆಟ್ಟಿಲ ಬಳಿ ಗುರುಗಳು 'ಇಂತ್ರೊಇಬೊ ಆದ್ ಅಲ್ತಾರೆ ದೇಯಿ' (ದೇವರ ಪೀಠದ ಬಳಿಗೆ ಹೋಗುವೆನು) ಎಂದರೆ 'ಆದ್ ದೇಉಮ್ ಕ್ವಿ ಲೇತಿಫಿಕಾತ್ ಯುವೆಂತೂತೆಮ್ ಮೆಯಾಮ್' (ನನ್ನ ಯೌವನಕ್ಕೆ ಆನಂದ ಕೊಡುವ ದೇವರ ಬಳಿಗೆ) ಎಂದು ಮಂಡಿಯೂರಿ ಉತ್ತರ ಕೊಡಬೇಕಿತ್ತು. ಇವತ್ತೂ ಎಲ್ಲೂ ತಡವರಿಸದೆ ಪೂರ್ತಿ ಹೇಳಿದರು, ಬೆರಳುಗಳಲ್ಲಿ ಸಾರು ಒಣಗುತ್ತಿತ್ತು. "ಆಗ ಗುರುಗಳೂ ನಾವೂ ಒಂದೇ ದಿಕ್ಕಿಗೆ ನಿಂತು ದೇವರನ್ನ ನೋಡ್ತಿದ್ವಿ ಕಣಪ್ಪ. ಈಗ ಒಬ್ಬರ ಮುಖ ಒಬ್ಬರು ನೋಡ್ತೀವಿ" ಅಂದರು. ಅವರ ಮಾತನ್ನು ಮುದುಕರ ಹಳಹಳಿಕೆ ಎಂದು ತಳ್ಳಿಹಾಕಲು ನನ್ನಿಂದಾಗದು. ಆ ಮೌನ, ಆ ಭಯಭಕ್ತಿ ಅವರ ವಿಶ್ವಾಸವನ್ನು ಕಟ್ಟಿದ್ದು ನಿಜ.

ನಾನು ಮಾತ್ರ ಸುಧಾರಣೆಯ ಕಡೆಯವನೇ. ಅಜ್ಜಿಯ ಕಾರಣಕ್ಕೆ. ಲ್ಯಾಟಿನ್ ಪೂಜೆಯುದ್ದಕ್ಕೂ ಅಜ್ಜಿ ಜಪಸರ ಮಾಡುತ್ತಿದ್ದರಂತೆ. ಗಂಟೆ ಬಾರಿಸಿದಾಗ ತಲೆಯೆತ್ತಿ ನೋಡುವುದು, ಮತ್ತೆ ಮಣಿ ಎಣಿಸುವುದು. ಕತ್ತಿಗಳನ್ನು ನೇಗಿಲ ಗುಳಗಳಾಗಿ ಬಡಿಯುವರು ಎಂಬ ಯೆಶಾಯನ ಮಾತು ಅವರ ಕಿವಿಗೆ ಪೀಠದ ಬಳಿಯಿಂದ ಕನ್ನಡದಲ್ಲಿ ಬಿದ್ದದ್ದು ಮೊಮ್ಮಕ್ಕಳಾದ ಮೇಲೆ. ಬೇಸಾಯದ ಮನೆಯ ಹೆಂಗಸಿಗೆ ಆ ಮಾತು ಅಷ್ಟು ತಡವಾಗಿ ಸಿಗಬಾರದಿತ್ತು.

ಲೋಕದ ಕಥೋಲಿಕ ಬಿಷಪ್‌ಗಳೆಲ್ಲ ರೋಮಿನಲ್ಲಿ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಶಾಸನವನ್ನು 2147 ಪರ, 4 ವಿರುದ್ಧ ಮತಗಳಿಂದ ಅಂಗೀಕರಿಸಿತು. ಲ್ಯಾಟಿನ್ ಉಳಿಯಲಿ, ಜನರ ಭಾಷೆಗೂ ಜಾಗ ಸಿಗಲಿ ಎಂದು ಎರಡನ್ನೂ ಅದರಲ್ಲೇ ಬರೆದಿದ್ದಾರೆ. ಆಮೇಲಿನದ್ದೆಲ್ಲ ಎಳೆದಾಟ. 1988ರಲ್ಲಿ, ಸುಧಾರಣೆಯನ್ನು ಒಪ್ಪದ ಆರ್ಚ್‌ಬಿಷಪ್ ಲೆಫೆವ್ರ್ ರೋಮಿನ ಮಾತು ಮೀರಿ ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟರು. 2007ರಲ್ಲಿ ಹದಿನಾರನೇ ಬೆನೆಡಿಕ್ಟ್ ಹಳೆಯ ಪೂಜೆಗೆ ಬಾಗಿಲು ಅಗಲವಾಗಿ ತೆರೆದರು, 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬಹುಮಟ್ಟಿಗೆ ಮುಚ್ಚಿದರು. ಹಳೆಯ ಪೂಜೆಯ ನೆಪದಲ್ಲಿ ಮಹಾಸಭೆಯನ್ನೇ ಅಲ್ಲಗಳೆಯುವವರು ಹೆಚ್ಚುತ್ತಿದ್ದಾರೆ ಎಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಜಗಳಕ್ಕೆ ಹೋಗದೆ ತಮ್ಮ ಪಾಡಿಗೆ ಪ್ರಾರ್ಥಿಸಿಕೊಂಡಿದ್ದವರಿಗೂ ಆ ಪೆಟ್ಟು ಬಿತ್ತು. ಅದು ಸರಿಯಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. 1969ರ ಏಪ್ರಿಲ್‌ನಲ್ಲಿ ಭಾರತದ ಪೂಜಾವಿಧಿಗೆಂದು ರೋಮ್ 12 ಅಂಶಗಳಿಗೆ ಒಪ್ಪಿಗೆ ಕೊಟ್ಟಿತು: ಚಪ್ಪಲಿ ಬಿಟ್ಟು ನೆಲದಲ್ಲಿ ಕೂರುವುದು, ಕೈಜೋಡಿಸುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಆರತಿ. ಬೆಂಗಳೂರಿನ ಎನ್‌ಬಿಸಿಎಲ್‌ಸಿಯಲ್ಲಿ (ಬೈಬಲ್, ಧರ್ಮೋಪದೇಶ, ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರ) ಫಾದರ್ ಅಮಲೋರ್ಪವದಾಸ್ ಇದಕ್ಕಾಗಿ ಹಗಲಿರುಳು ದುಡಿದರು. ಸಂಪ್ರದಾಯವಾದಿಗಳು 'ಇದು ಹಿಂದೂಕರಣ' ಎಂದು ಸಿಡಿದರು. ನನ್ನನ್ನು ಹೆಚ್ಚು ಕಾಡುವುದು ದಲಿತ ಕ್ರೈಸ್ತರ ಪ್ರಶ್ನೆ: ಭಾರತೀಯ ಎಂದರೆ ಮೇಲ್ಜಾತಿಯವರ ಸಂಸ್ಕೃತಿ ಮಾತ್ರವೇ? ತಮಟೆಯ ನಾದದಲ್ಲಿ ಬೆಳೆದವರಿಗೆ ಸಂಸ್ಕೃತ ಶ್ಲೋಕವೂ ಲ್ಯಾಟಿನ್ನಿನಷ್ಟೇ ದೂರ. ಸುಧಾರಣೆಯ ಪರ ನಿಂತ ನಾವು ಇದಕ್ಕೆ ಇನ್ನೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಬುಧವಾರ ಗಾನವೃಂದದವರು ಕ್ರಿಸ್‌ಮಸ್ ಹಾಡುಗಳನ್ನು ಆರಿಸಲು ಸೇರುತ್ತಾರೆ. ಕಾಣಿಕೆ ಮೆರವಣಿಗೆಗೆ ತಮಟೆ ಇರಲಿ, ದೇವರ ಮಹಿಮೆ ಹಾಡುವ 'ಗ್ಲೋರಿಯಾ' ಲ್ಯಾಟಿನ್‌ನಲ್ಲೇ ಇರಲಿ ಎಂದು ಕೇಳಲಿದ್ದೇನೆ. ಜನ ತಮ್ಮ ಪಾಲಿನ ಭಾಗಗಳನ್ನು ಲ್ಯಾಟಿನ್‌ನಲ್ಲೂ ಹಾಡಲು ಬಲ್ಲವರಾಗಬೇಕೆಂದು ಮಹಾಸಭೆಯೇ ಹೇಳಿದೆ. ಫಾದರ್ ಒಪ್ಪಿದರೆ ಉಚ್ಚಾರಣೆ ಕಲಿಸುವ ಕೆಲಸ ದೊಡ್ಡಪ್ಪನದು. ಅಭ್ಯಾಸಕ್ಕೆ ಮೂರು ವಾರ ಸಿಗುತ್ತದೆ.