ಊರಿಗೆ ಹೋಗಿ ಕಾಗದ ಬರೆಯುತ್ತೇವೆ

ಕಳೆದ ವಾರ ಸಂದರ್ಶನ ಮುಗಿಸಿ ಬಂದು, ಇಲ್ಲಿ ಅಮೆರಿಕದ ರೂಢಿಯಂತೆ ಕಂಪನಿಯವರಿಗೆ ಕೃತಜ್ಞತೆಯ ಇಮೇಲ್ ಬರೆಯುತ್ತಿದ್ದಾಗ, ಒಂಬತ್ತು ವರ್ಷದ ಮಗಳು ಬೆನ್ನ ಹಿಂದೆ ನಿಂತು ಅದನ್ನು ಓದಿ, "ಅಮ್ಮಾ, ನಿನ್ನನ್ನು ಕರೆದದ್ದು ಅವರು, ಕಾಯಿಸಿದ್ದೂ ಅವರು. ಥ್ಯಾಂಕ್ಸ್ ಮಾತ್ರ ನೀನ್ಯಾಕೆ ಹೇಳ್ತೀಯ?" ಎಂದು ಕೇಳಿದಳು. ಉತ್ತರ ಹೊಳೆಯದೆ, ಊಟಕ್ಕೆ ತಟ್ಟೆ ಹಾಕು ಹೋಗು ಎಂದೆ.

ಆ ಕೆಲಸಕ್ಕೆ ಅರ್ಜಿ ಹಾಕಿದವಳು ನಾನಲ್ಲ. ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ರಿಕ್ರೂಟರ್ ಒಬ್ಬರು ತಾವಾಗಿಯೇ ಫೋನು ಮಾಡಿ, ಈ ಹುದ್ದೆ ನಿಮಗೆಂದೇ ಹೇಳಿ ಮಾಡಿಸಿದಂತಿದೆ ಎಂದು ಹೊಗಳಿ, ಬೇರೆ ಯಾರ ಮೂಲಕವೂ ಇದಕ್ಕೆ ಪ್ರಯತ್ನಿಸುವುದಿಲ್ಲವೆಂಬ ಒಪ್ಪಿಗೆಯನ್ನು ಬರೆಸಿಕೊಂಡು, ಎರಡು ವಾರ ದಿನಕ್ಕೊಮ್ಮೆ ವಿಚಾರಿಸಿಕೊಂಡಿದ್ದರು. ನಾನು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ರೈಲು ಹಿಡಿದು, ನೆವಾರ್ಕಿನಲ್ಲಿ ಪಾಥ್ ರೈಲಿಗೆ ಬದಲಾಯಿಸಿ, ಜೆರ್ಸಿ ಸಿಟಿಯ ಎಕ್ಸ್‌ಚೇಂಜ್ ಪ್ಲೇಸಿನಲ್ಲಿ ಇಳಿದು, ಹದಿನೈದು ನಿಮಿಷ ಮೊದಲೇ ಹೋಗಿ ಕುಳಿತೆ. ನಲವತ್ತು ನಿಮಿಷ ತಡವಾಗಿ ಬಂದ ಮಹನೀಯರು ನನ್ನ ರೆಸ್ಯೂಮೆಯನ್ನು ನನ್ನೆದುರಿಗೇ ಮೊದಲ ಸಲ ತೆರೆದರು. ಡೇಟಾಬೇಸಿನ ಬಗ್ಗೆ ಮೂರು ಪ್ರಶ್ನೆಗಳಾದ ಮೇಲೆ ವೀಸಾದ ಮಾತು ಬಂತು. ನಾನು ಗಂಡನ ಎಚ್-1ಬಿ ಎಂಬ ಕೆಲಸದ ವೀಸಾದಿಂದಾಗಿ, ಅಂಥವರ ಹೆಂಡತಿ-ಮಕ್ಕಳಿಗೆ ಸಿಗುವ ಎಚ್-4 ವೀಸಾದಲ್ಲಿರುವವಳು. ಅಂಥ ಕೆಲವರಿಗೆ 2015ರ ಮೇ ತಿಂಗಳಿನಿಂದ ದುಡಿಯುವ ಅನುಮತಿ ಸಿಗುತ್ತಿದೆ, ನನ್ನ ಬಳಿಯೂ ಆ ಅನುಮತಿಯ ಕಾರ್ಡು ಇದೆ, ಕಂಪನಿ ನನ್ನ ವೀಸಾಕ್ಕೆ ಯಾವ ಪ್ರಾಯೋಜನೆಯನ್ನೂ ಕೊಡಬೇಕಾಗಿಲ್ಲ ಎಂದು ವಿವರಿಸಿದೆ. ಅವರು ಕಾರ್ಡಿನ ಅವಧಿ ಮುಗಿಯುವ ದಿನವನ್ನಷ್ಟೇ ಗುರುತು ಹಾಕಿಕೊಂಡು, "ಹುದ್ದೆ ಬಹುಶಃ ಒಳಗಿನವರಿಗೇ ಹೋಗಬಹುದು, ಆದರೂ ತಿಳಿಸುತ್ತೇವೆ" ಎಂದು ಎದ್ದರು. ಎಲ್ಲ ಸೇರಿ ಹದಿನೆಂಟು ನಿಮಿಷ. ರಿಕ್ರೂಟರ್ ಅಂದಿನಿಂದ ಫೋನೆತ್ತಿಲ್ಲ.

"ತಿಳಿಸುತ್ತೇವೆ" ಎಂಬ ಮಾತನ್ನು ನಾನು ಕೇಳಿದ್ದು ಅಮೆರಿಕದಲ್ಲೇ ಮೊದಲಲ್ಲ. ತಿಪಟೂರಿನ ಅಜ್ಜನ ಮನೆಯಲ್ಲಿ, ಚಿಕ್ಕಮ್ಮನನ್ನು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಕಾಫಿ ಕುಡಿದು, "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದು ಹೊರಡುತ್ತಿದ್ದರು. ಮರುದಿನದಿಂದ ಅಜ್ಜ ಜಗಲಿಯಲ್ಲಿ ಕುಳಿತು ಅಂಚೆಯವನ ದಾರಿ ನೋಡುತ್ತಿದ್ದರು. ಹದಿನೈದು ದಿನವಾದರೂ ಕಾಗದ ಬಾರದಿದ್ದರೆ ತಾವೇ ನೀಲಿ ಇನ್‌ಲ್ಯಾಂಡ್ ತೆಗೆದು, ತಾವು ಬಡವನ ಮನೆಗೆ ದಯಮಾಡಿಸಿದ್ದು ಬಹಳ ಸಂತೋಷ ಎಂದು ಆರಂಭಿಸುತ್ತಿದ್ದರು (ನನ್ನ ಇಮೇಲಿನ ಮೊದಲ ಸಾಲೂ ಹೆಚ್ಚುಕಡಿಮೆ ಅದೇ). ಅದನ್ನು ಅನ್ನದ ಅಗುಳಿನಿಂದ ಅಂಟಿಸಿ, ಡಬ್ಬಕ್ಕೆ ಹಾಕಿ ಬಾ ಎಂದು ನನ್ನ ಕೈಗೆ ಕೊಡುತ್ತಿದ್ದವಳು ಚಿಕ್ಕಮ್ಮನೇ.

ಮಗಳಿಗೆ ಈ ಕತೆಯನ್ನು ಹೇಳೋಣವೆಂದುಕೊಂಡೆ. ಆದರೆ ಹೇಳಹೊರಟರೆ 2009ರ ಅರಸೀಕೆರೆಯನ್ನೂ ಹೇಳಬೇಕಾಗುತ್ತದೆ. ಅಣ್ಣನಿಗೆ ಹೆಣ್ಣು ನೋಡಲು ಹೋಗಿದ್ದೆವು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಗತ್ತಿನಲ್ಲಿ, ಎಷ್ಟು ಓದಿದ್ದೀರಿ, ಮುಂದೆ ಕೆಲಸ ಮಾಡುತ್ತೀರಾ ಎಂದು ಆ ಹುಡುಗಿಯನ್ನು ಪ್ರಶ್ನಿಸಿದವಳು ನಾನು. "ಫೋನು ಮಾಡುತ್ತೇವೆ" ಎಂದು ಅಪ್ಪ ಕೈಮುಗಿದರು. ತುಮಕೂರಿಗೆ ಹಿಂದಿರುಗುವ ದಾರಿಯಲ್ಲಿ, ಕಾರು ತಿಪಟೂರು ದಾಟುವ ಮೊದಲೇ, ಹುಡುಗಿಯ ಬಣ್ಣ ಸ್ವಲ್ಪ ಕಡಿಮೆಯಾಯಿತೆಂದು ತೀರ್ಮಾನವಾಗಿತ್ತು. ನಾವು ಫೋನು ಮಾಡಲಿಲ್ಲ. ಅವಳ ತಂದೆಯೇ ಎರಡು ಸಲ ಮಾಡಿದರು. ಎರಡನೆಯ ಸಲ ಫೋನೆತ್ತಿ, ಅಪ್ಪ ಮನೆಯಲ್ಲಿಲ್ಲ ಎಂದು ಹೇಳಿದವಳು ನಾನು. ಅಪ್ಪ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದರು.